ಗೈಡ್ ಜೊತೆ ಒಂದು ದಿನ ಬಂಡೆ ಹತ್ತಲು ಹೊರಟಿದ್ದೇವೆ. ಆರು ವಾರ ಇದೆ, ಏನು ತಯಾರಿ ಮಾಡಲಿ?

ಮೊದಲ ಹೆಜ್ಜೆ:
ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ಇನ್ನು ಆರು ವಾರಕ್ಕೆ ನಾನು ಮತ್ತು ನನ್ನ ತಮ್ಮ ಗೈಡ್ ಜೊತೆ ಒಂದು ದಿನ ಬಂಡೆ ಹತ್ತಲು ಹೋಗುತ್ತಿದ್ದೇವೆ. ಬುಕಿಂಗ್ ಆಗಿದೆ. ನಾನು ಹಿಂದೆ ಎರಡು ಮೂರು ಸಲ ಒಳಾಂಗಣದ ಕ್ಲೈಂಬಿಂಗ್ ಗೋಡೆ ಹತ್ತಿದ್ದೇನೆ, ಅಷ್ಟೇ. ತಮ್ಮ ಅದನ್ನೂ ಮಾಡಿಲ್ಲ, ಆದರೆ ದಿನಾ ಓಡುತ್ತಾನೆ. ಇದು ಹಿಡಿಸಿದರೆ ಚಳಿಗಾಲದಲ್ಲಿ ಐಸ್ ಕ್ಲೈಂಬಿಂಗ್‌ಗೂ ಹೋಗೋಣ ಅನ್ನುತ್ತಿದ್ದಾನೆ.

ನನಗೆ ಈಗ ಒಂದು ಪುಲ್-ಅಪ್ ಕೂಡ ಪೂರ್ತಿ ಎಳೆಯಲು ಆಗುವುದಿಲ್ಲ. ಆರು ವಾರದಲ್ಲಿ ಎಷ್ಟು ಸುಧಾರಿಸಬಹುದು? ಶೂ, ಹಾರ್ನೆಸ್ (ಹಗ್ಗ ಕಟ್ಟಿಕೊಳ್ಳುವ ಸೊಂಟ-ಕಾಲಿನ ಪಟ್ಟಿ) ಕೊಳ್ಳಬೇಕಾ ಅಥವಾ ಅವರೇ ಕೊಡುತ್ತಾರಾ? ಗಂಟು ಹಾಕುವುದನ್ನು ಕಲಿತು ಹೋಗಬೇಕಾ? ತಮ್ಮನನ್ನು ಕೇಳಿದರೆ "ಗೈಡ್ ಇರ್ತಾರಲ್ಲ ಅಕ್ಕ, ಅವರು ಹೇಳಿದ ಹಾಗೆ ಮಾಡಿದರಾಯ್ತು" ಅನ್ನುತ್ತಾನೆ. ನನಗೆ ಅದು ಸರಿ ಅನ್ನಿಸುತ್ತಿಲ್ಲ.

ಚಾಕ್ ಕೈ:
ಪುಲ್-ಅಪ್ ಚಿಂತೆ ಇವತ್ತೇ ಬಿಡಿ. ಮೊದಲ ದಿನ ನಿಮ್ಮನ್ನು ಹತ್ತಿಸುವುದು ಕಾಲು, ಕೈ ಅಲ್ಲ. ಏಣಿ ಹತ್ತುವಾಗ ಕೈಯಿಂದ ಮೈ ಎತ್ತಿಕೊಳ್ಳುತ್ತೀರಾ? ಇಲ್ಲ ತಾನೇ. ಕೈ ಇರುವುದು ಸಮತೋಲ ತಪ್ಪದ ಹಾಗೆ ಹಿಡಿದುಕೊಳ್ಳಲು.

ಗುಡ್ಡದ ಗಾಳಿ:
ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಕಾಲು ಮುಖ್ಯ, ನಿಜ. ಆದರೆ ಮುಂಗೈಗೆ ಏನೂ ಅಭ್ಯಾಸ ಇಲ್ಲದವರು ಎರಡನೇ ಮಾರ್ಗಕ್ಕೇ ಸೋತು ಕೂರುವುದನ್ನು ಎಷ್ಟು ಸಲ ನೋಡಿಲ್ಲ! ಸ್ವಲ್ಪ ನೇತಾಡುವ ಅಭ್ಯಾಸ ಇರಲಿ.

ಫಿಸಿಯೋ ಕೆಲಸ:
ದಯವಿಟ್ಟು ಈ ಸಲಹೆ ತಗೊಳ್ಳಬೇಡಿ. ಬೆರಳಿನ ಸ್ನಾಯು ಕೆಲವೇ ವಾರದಲ್ಲಿ ಗಟ್ಟಿಯಾಗುತ್ತದೆ. ಆದರೆ ಬೆರಳಿನ ಸ್ನಾಯುರಜ್ಜು, ಅದನ್ನು ಮೂಳೆಗೆ ಒತ್ತಿ ಹಿಡಿಯುವ ಪುಲ್ಲಿ ಅನ್ನುವ ಪಟ್ಟಿ, ಇವು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಸ್ನಾಯು ತಯಾರು, ಪಟ್ಟಿ ತಯಾರಿಲ್ಲ. ಆಗಲೇ ಉಂಗುರದ ಬೆರಳಿನ ಬುಡದಲ್ಲಿ ಟಪ್ ಅನ್ನುವುದು. ಅದು ಸರಿಯಾಗಲು ಮತ್ತೆ ತಿಂಗಳುಗಳು. 44ರಲ್ಲಿ ಹೊಸದಾಗಿ ಫಿಂಗರ್‌ಬೋರ್ಡ್‌ಗೆ (ಬೆರಳ ತುದಿಯಲ್ಲಿ ಹಿಡಿಯುವ ಹಲಗೆ) ನೇತಾಡುವುದು ಖಂಡಿತ ಬೇಡ.

ಆರು ವಾರ ಇದೆ ಅಂದರೆ ನಾನಾದರೆ ಹೀಗೆ ಮಾಡುತ್ತೇನೆ. ಬೆನ್ನಿಗೆ ಏಳೆಂಟು ಕಿಲೋ ಚೀಲ ಹಾಕಿಕೊಂಡು ವಾರಕ್ಕೆ ಮೂರು ದಿನ ಮೆಟ್ಟಿಲು. ಒಂಟಿ ಕಾಲಿನಲ್ಲಿ ಎತ್ತರದ ಮೆಟ್ಟಿಲು ಹತ್ತಿ ನಿಧಾನಕ್ಕೆ ಇಳಿಯುವುದು. ಪ್ಲ್ಯಾಂಕ್. ಸೊಂಟ, ತೊಡೆಸಂದು ಸಡಿಲವಾಗುವ ಸ್ಟ್ರೆಚ್, ಯಾಕೆಂದರೆ ಕಾಲು ಎತ್ತಿ ಮೊಣಕಾಲಿನ ಮಟ್ಟದ ಹೋಲ್ಡ್ (ಕೈಗೆ, ಕಾಲಿಗೆ ಹಿಡಿತ ಸಿಗುವ ಜಾಗ) ಮೇಲೆ ಇಡಲು ಬರದಿದ್ದರೆ ಆ ಕೆಲಸವೂ ಕೈ ಮೇಲೇ ಬೀಳುತ್ತದೆ. ಆಗುವ ಹಾಗಿದ್ದರೆ ವಾರಕ್ಕೊಂದು ಸಲ ಕ್ಲೈಂಬಿಂಗ್ ಗೋಡೆ. ಕೊನೆಯ ಎರಡು ದಿನ ಪೂರ್ತಿ ವಿಶ್ರಾಂತಿ.

ಗುಡ್ಡದ ಗಾಳಿ:
ಒಪ್ಪಿದೆ. ನಾನು ಹೇಳಿದ್ದು ಬಾರ್ ಹಿಡಿದು ನೇತಾಡುವುದು, ಬೆರಳ ತುದಿಯಲ್ಲಿ ಅಲ್ಲ. ಬಿಡಿಸಿ ಬರೆಯಬೇಕಿತ್ತು.

ಚಾಕ್ ಕೈ:
ಮುಂಗೈ ಸೋಲುವುದಕ್ಕೆ ಬಲ ಕಮ್ಮಿ ಇರುವುದಕ್ಕಿಂತ ದೊಡ್ಡ ಕಾರಣ ಭಯ. ಹೆದರಿದಾಗ ಬೇಕಾದ್ದಕ್ಕಿಂತ ಎರಡರಷ್ಟು ಬಿಗಿಯಾಗಿ ಹಿಡಿಯುತ್ತೇವೆ. ಹಾಗೆ ಹಿಡಿದಷ್ಟೂ ಮುಂಗೈ ಸ್ನಾಯು ತನ್ನೊಳಗಿನ ರಕ್ತನಾಳವನ್ನೇ ಅದುಮುತ್ತದೆ. ರಕ್ತ ಓಡಾಡುವುದಿಲ್ಲ, ಮುಂಗೈ ಕಲ್ಲಾಗುತ್ತದೆ. ತೋಳು ನೇರ ಇಟ್ಟು, ಒಂದೊಂದೇ ಕೈಯನ್ನು ಕೆಳಗೆ ಬಿಟ್ಟು ಕೊಡವಿ. ಗೋಡೆಯಲ್ಲಿ ಇದೊಂದನ್ನೇ ಅಭ್ಯಾಸ ಮಾಡಿದರೂ ಸಾಕು.

ನೀಲಿ ಹೆಲ್ಮೆಟ್:
ಸಾಮಾನಿನ ವಿಷಯ. ಹಾರ್ನೆಸ್, ಹೆಲ್ಮೆಟ್, ಹಗ್ಗ, ಕ್ಯಾರಬೀನರ್ (ಲೋಹದ ಕೊಕ್ಕೆ) ಸಾಮಾನ್ಯವಾಗಿ ಗೈಡ್ ಕೊಡುತ್ತಾರೆ. ಶೂ ಕೆಲವರು ಕೊಡುತ್ತಾರೆ, ಕೆಲವರು ಬಾಡಿಗೆಗೆ ತರಲು ಹೇಳುತ್ತಾರೆ. ಫೋನ್ ಮಾಡಿ ಕೇಳಿ, ಊಹೆ ಬೇಡ. ಒಂದು ದಿನಕ್ಕೋಸ್ಕರ ಏನೂ ಕೊಳ್ಳಬೇಡಿ. ಕೊಳ್ಳಲೇಬೇಕು ಅನ್ನಿಸಿದರೆ ಶೂ ಮಾತ್ರ. ಬೆರಳು ಮುಂದಕ್ಕೆ ತಾಗಬೇಕು, ಮಡಚಬಾರದು. ಹಿಮ್ಮಡಿ ಹತ್ತಿರ ಖಾಲಿ ಜಾಗ ಇರಬಾರದು. "ನೋಯಬೇಕು, ಆಗಲೇ ಸರಿ ಸೈಜು" ಅನ್ನುವವರ ಮಾತು ಕೇಳಬೇಡಿ. ನೋಯುವ ಕಾಲಿನ ಮೇಲೆ ಯಾರೂ ಭಾರ ಹಾಕುವುದಿಲ್ಲ, ಆಗ ಮತ್ತೆ ಕೈ ಮೇಲೇ ಬರುತ್ತೀರಿ.

ಓಟದ ಹುಡುಗ:
ನನ್ನ ಹತ್ತಿರ ಒಳ್ಳೆಯ ಸೈಕಲ್ ಹೆಲ್ಮೆಟ್ ಇದೆ. ಅದೇ ಸಾಕಲ್ವಾ?

ನೀಲಿ ಹೆಲ್ಮೆಟ್:
ಸಾಲದು. ಸೈಕಲ್ ಹೆಲ್ಮೆಟ್ ಮಾಡಿರುವುದು ನಿಮ್ಮ ತಲೆ ಹೋಗಿ ರಸ್ತೆಗೆ ಬಡಿಯುವ ಪೆಟ್ಟಿಗೆ. ಬಂಡೆಯಲ್ಲಿ ಮೊದಲ ಅಪಾಯ ಮೇಲಿನಿಂದ ಬೀಳುವ ಕಲ್ಲು. ಕ್ಲೈಂಬಿಂಗ್ ಹೆಲ್ಮೆಟ್‌ನ ಇಎನ್ 12492 ಅನ್ನುವ ಯುರೋಪಿನ ಮಾನದಂಡದ ಪರೀಕ್ಷೆಯಲ್ಲಿ 5 ಕಿಲೋ ತೂಕವನ್ನು 2 ಮೀಟರ್ ಎತ್ತರದಿಂದ ನೆತ್ತಿಯ ಮೇಲೆ ಬೀಳಿಸುತ್ತಾರೆ. ಚೂಪು ತುದಿಯ ತೂಕವನ್ನೂ ಬೀಳಿಸಿ ತೂರುತ್ತದಾ ಅಂತ ನೋಡುತ್ತಾರೆ. ಅಷ್ಟೊಂದು ಗಾಳಿಕಿಂಡಿ ಇರುವ ಸೈಕಲ್ ಹೆಲ್ಮೆಟ್‌ಗೆ ಆ ಕೆಲಸ ಹೇಳಿದ್ದೇ ಅಲ್ಲ. ಹತ್ತುವಾಗ ಮಾತ್ರ ಅಲ್ಲ, ಕೆಳಗೆ ನಿಂತಾಗಲೂ ಹಾಕಿಕೊಳ್ಳಿ. ಕಲ್ಲು ಬೀಳುವುದು ಕೆಳಗಿದ್ದವರ ಮೇಲೆ.

ಎಂಟರ ಗಂಟು:
ಗಂಟಿನ ಪ್ರಶ್ನೆಗೆ ಬರುತ್ತೇನೆ. ಕಲಿತು ಹೋಗಿ. ಒಂದೇ ಗಂಟು, ಫಿಗರ್-ಎಂಟು. ಹಗ್ಗ ಇಲ್ಲದಿದ್ದರೆ ದಪ್ಪ ಲೇಸ್ ಸಾಕು. ಮೊದಲು ಎಂಟು ಹಾಕಿ, ತುದಿಯನ್ನು ಹಾರ್ನೆಸ್‌ನ ಎರಡೂ ಕೊಂಡಿಗಳ ಒಳಗೆ ತೂರಿಸಿ (ಕಾಲಿನ ಹತ್ತಿರದ್ದು, ಸೊಂಟದ್ದು), ಬಂದ ದಾರಿಯಲ್ಲೇ ವಾಪಸ್ ಎಂಟನ್ನು ಹಿಂಬಾಲಿಸಿ. ಜೋಡಿ ಜೋಡಿಯಾಗಿ ಹಗ್ಗ ಕಾಣಬೇಕು. ಎಲ್ಲ ಎಳೆ ಎಳೆದು ಬಿಗಿ ಮಾಡಿ. ಕತ್ತಲಲ್ಲೂ ಹಾಕಲು ಬರುವಷ್ಟು ಮಾಡಿ.

ತಮ್ಮನ ಮಾತು ಒಪ್ಪಬೇಡಿ. ಗೈಡ್ ಇದ್ದಾರೆ ಅಂತ ನಮ್ಮ ಕಣ್ಣು ಮನೆಯಲ್ಲಿಟ್ಟು ಹೋಗಲು ಆಗುತ್ತದಾ? ಗೈಡ್ ಗಂಟು ಹಾಕಿಕೊಟ್ಟರೂ ಅದನ್ನು ನೀವು ನೋಡಬೇಕು. ಗೈಡ್ ಗಂಟನ್ನೂ ನೀವು ನೋಡಬೇಕು.

ಮೂಲೆಮನೆ:
ಇದು ನನಗೆ ಅತಿ ಅನ್ನಿಸುತ್ತದೆ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವರ ಗಂಟನ್ನು ನಿನ್ನೆ ಲೇಸಿನಲ್ಲಿ ಕಲಿತವರು ನೋಡುವುದಾ? ಅವರಿಗೆ ಅವಮಾನ ಆಗುವುದಿಲ್ವಾ? ಡ್ರೈವರ್ ಹತ್ತಿರ ಹೋಗಿ ಬ್ರೇಕ್ ಹಿಡಿಯುತ್ತಾ ಅಂತ ಕೇಳುತ್ತೇವಾ? ದುಡ್ಡು ಕೊಡುವುದೇ ಅವರ ಅನುಭವಕ್ಕೆ.

ಎಂಟರ ಗಂಟು:
ಅನುಭವಕ್ಕೂ ಮರೆವಿಗೂ ಸಂಬಂಧ ಇಲ್ಲ ಸ್ವಾಮಿ. ಲಿನ್ ಹಿಲ್ ಹೆಸರು ಕೇಳಿದ್ದೀರಾ? ಆ ಕಾಲದ ಜಗತ್ತಿನ ಅತ್ಯುತ್ತಮ ಕ್ಲೈಂಬರ್‌ಗಳಲ್ಲಿ ಒಬ್ಬರು. 1989ರಲ್ಲಿ ಫ್ರಾನ್ಸಿನ ಬ್ಯೂಕ್ಸ್‌ನಲ್ಲಿ ಸುಲಭದ ಮಾರ್ಗವೊಂದರಲ್ಲಿ ಮೈ ಬೆಚ್ಚಗೆ ಮಾಡಿಕೊಳ್ಳಲು ಹೊರಟಿದ್ದರು. ಹಗ್ಗವನ್ನು ಹಾರ್ನೆಸ್‌ಗೆ ತೂರಿಸಿದರು. ಗಂಟು ಪೂರ್ತಿ ಮಾಡುವ ಮೊದಲು ಗಮನ ಬೇರೆಡೆ ಹೋಯಿತು. ಹತ್ತುವಾಗ ಏನೂ ಗೊತ್ತಾಗಲಿಲ್ಲ. ತುದಿ ಮುಟ್ಟಿ, ಇಳಿಯಲು ಹಿಂದಕ್ಕೆ ವಾಲಿದರು. ಹಗ್ಗ ಸರ್ರನೆ ಬಿಟ್ಟುಹೋಯಿತು. ಸುಮಾರು 22 ಮೀಟರ್ ಬಿದ್ದರು. ಮಧ್ಯೆ ಮರದ ಕೊಂಬೆ ಸಿಕ್ಕಿದ್ದಕ್ಕೆ ಉಳಿದರು. ನಾಲ್ಕು ವರ್ಷದ ಮೇಲೆ, 1993ರಲ್ಲಿ, ಅಮೆರಿಕದ ಎಲ್ ಕ್ಯಾಪಿಟನ್ ಬಂಡೆಯ ನೋಸ್ ಮಾರ್ಗವನ್ನು ಪೂರ್ತಿ ಕೈಕಾಲ ಬಲದಲ್ಲೇ (ಹಗ್ಗ ಬಿದ್ದರೆ ತಡೆಯಲು ಮಾತ್ರ) ಹತ್ತಿದ ಮೊದಲಿಗರೂ ಅವರೇ. ಅಂಥವರಿಗೇ ಹೀಗಾಯಿತು. ಎದುರಿಗಿದ್ದ ಯಾರಾದರೂ, ಲೇಸಿನಲ್ಲಿ ಕಲಿತವರೇ ಆಗಲಿ, ಒಂದು ಸಲ ನೋಡಿದ್ದರೆ ಸಾಕಿತ್ತು.

ಗೈಡ್ ಕೆಲಸದವ:
ನಾನು ಇದೇ ಕೆಲಸ ಮಾಡುವವನು. ಮೂಲೆಮನೆಯವರಿಗೆ ಹೇಳುತ್ತೇನೆ: ಖಂಡಿತ ಅವಮಾನ ಆಗುವುದಿಲ್ಲ. ನಾನೇ ಬಂದವರ ಎದುರು ನಿಂತು "ನನ್ನದು ನೋಡಿ" ಅನ್ನುತ್ತೇನೆ. ಬಕಲ್, ಗಂಟು, ಬಿಲೇ ಸಾಧನ (ಬಿಲೇ ಅಂದರೆ ಹತ್ತುವವರು ಬಿದ್ದರೆ ತಡೆಯಲು ಇನ್ನೊಬ್ಬರು ಹಗ್ಗ ಹಿಡಿಯುವುದು), ಕ್ಯಾರಬೀನರ್ ಲಾಕ್, ಹೆಲ್ಮೆಟ್ ಪಟ್ಟಿ. ಕಣ್ಣಿಂದ ನೋಡುವುದು, ಕೈಯಿಂದ ಎಳೆಯುವುದು. ಅರ್ಧ ನಿಮಿಷದ ಕೆಲಸ. ಯಾವ ಗೈಡ್ ಇದಕ್ಕೆ ಸಿಟ್ಟಾಗುತ್ತಾರೋ ಅವರ ಹಗ್ಗಕ್ಕೆ ನಾನಂತೂ ಕಟ್ಟಿಕೊಳ್ಳುವುದಿಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಬಹಳ ಸಲ ಮೊದಲು ಹತ್ತುವ ಗೈಡ್‌ಗೆ ಬಿಲೇ ಮಾಡುವುದು ಬಂದವರೇ. ನೀವೇ. ನಾನು ಮೇಲೆ ಇರುವಾಗ ನನ್ನ ಹಗ್ಗ ನಿಮ್ಮ ಕೈಯಲ್ಲಿರುತ್ತದೆ. ಬೆಳಗ್ಗೆ ಕಲಿಸುತ್ತೇವೆ, ನಿಜ. ಆದರೆ ಮೊದಲೇ ಸ್ವಲ್ಪ ಅಭ್ಯಾಸ ಇದ್ದು ಬಂದರೆ ಆ ಸಮಯ ಹತ್ತುವುದಕ್ಕೆ ಸಿಗುತ್ತದೆ. ಬ್ರೇಕ್ ಕೈ, ಅಂದರೆ ಸಾಧನದಿಂದ ಹೊರಬಂದ ಹಗ್ಗ ಹಿಡಿದ ಕೈ, ಹಗ್ಗ ಬಿಡಬಾರದು, ಯಾವ ಸಾಧನ ಇದ್ದರೂ. ತಾನೇ ಹಿಡಿದುಕೊಳ್ಳುವ ಗ್ರಿಗ್ರಿಯಂಥ ಸಾಧನ ಇದ್ದರೂ.

ಮೂಲೆಮನೆ:
ನೀವೇ ಹೇಳಿದ ಮೇಲೆ ಒಪ್ಪುತ್ತೇನೆ. ಗೈಡ್‌ಗೆ ನಾವು ಬಿಲೇ ಮಾಡುತ್ತೇವೆ ಅನ್ನುವುದು ನಿಜಕ್ಕೂ ಗೊತ್ತಿರಲಿಲ್ಲ.

ಹಗ್ಗದ ತುದಿ:
ಹಾರ್ನೆಸ್ ಬಗ್ಗೆ ಒಂದು ಮಾತು. ಸೊಂಟದ ಪಟ್ಟಿ ಸೊಂಟದ ಮೂಳೆಗಿಂತ ಮೇಲೆ ಕೂರಬೇಕು, ಪ್ಯಾಂಟ್ ಹಾಕುವ ಜಾಗದಲ್ಲಲ್ಲ. ಎರಡು ಕೈಯಿಂದ ಕೆಳಗೆ ಎಳೆದರೂ ಜಾರಬಾರದು. ಇಲ್ಲದಿದ್ದರೆ ತಲೆಕೆಳಗಾದಾಗ ಜಾರಿಹೋಗುವ ಅಪಾಯ ಇದೆ. ಬಾಡಿಗೆಯದ್ದಾದರೆ ಬಟ್ಟೆ ಸವೆದಿದೆಯಾ, ಹೊಲಿಗೆ ಬಿಟ್ಟಿದೆಯಾ ನೋಡಿ. ಬಹಳ ತಯಾರಕರು ಬಳಸದೆ ಇಟ್ಟಿದ್ದರೂ 10 ವರ್ಷದ ಮೇಲೆ ಬೇಡ ಅನ್ನುತ್ತಾರೆ. ಆದರೆ ಬಿಲೇ ಲೂಪ್ (ಹಾರ್ನೆಸ್ ಮುಂದಿರುವ ಪಟ್ಟಿಯ ಬಳೆ) ಬಗ್ಗೆ ಚಿಂತೆ ಬೇಡ, ಅದು ಹರಿದ ಉದಾಹರಣೆ ಇಲ್ಲ.

ಎಂಟರ ಗಂಟು:
ಇದೆ. 2006ರಲ್ಲಿ ಅಮೆರಿಕದ ಯೊಸೆಮಿಟಿಯಲ್ಲಿ ಹೆಸರಾಂತ ಕ್ಲೈಂಬರ್ ಟಾಡ್ ಸ್ಕಿನ್ನರ್ ತೀರಿಕೊಂಡಿದ್ದೇ ಬಿಲೇ ಲೂಪ್ ಹರಿದು. ಹಳೆಯ, ತುಂಬ ಸವೆದ ಹಾರ್ನೆಸ್. ಚೆನ್ನಾಗಿರುವ ಲೂಪ್ ಹರಿಯುವುದಿಲ್ಲ, ಅದು ಸರಿ. ಸವೆದದ್ದು ಹರಿಯುತ್ತದೆ.

ಹಗ್ಗದ ತುದಿ:
ತಿದ್ದಿದ್ದಕ್ಕೆ ಧನ್ಯವಾದ. ಹಾಗಾದರೆ ಲೂಪ್ ಅನ್ನೂ ನೋಡಿ. ಸುತ್ತ ತಿರುಗಿಸಿ ನೋಡಿ, ಸವೆತ ಒಂದೇ ಕಡೆ ಅಡಗಿರುತ್ತದೆ.

ಸಣ್ಣ ಕಲ್ಲು:
ಉಂಗುರ ತೆಗೆದಿಟ್ಟು ಹೋಗಿ. ಮದುವೆ ಉಂಗುರ ಆದರೂ. ಬಿರುಕಿನಲ್ಲಿ ಉಂಗುರ ಸಿಕ್ಕಿ ಕಾಲು ಜಾರಿದರೆ ಮೈಯ ಪೂರ್ತಿ ಭಾರ ಆ ಬೆರಳಿನ ಮೇಲೆ. ಚರ್ಮವೇ ಸುಲಿದು ಬರುತ್ತದೆ. ಉಗುರು ಕತ್ತರಿಸಿ, ಕೂದಲು ಬಿಗಿಯಾಗಿ ಕಟ್ಟಿ. ಬಿಲೇ ಸಾಧನಕ್ಕೆ ಕೂದಲು ಸಿಕ್ಕಿದರೆ ತೆಗೆಯುವುದು ಬಲು ಕಷ್ಟ.

ಚಾಕ್ ಕೈ:
ಸನ್‌ಸ್ಕ್ರೀನ್ ಹಚ್ಚಿದ ಮೇಲೆ ಅಂಗೈ ಚೆನ್ನಾಗಿ ಒರೆಸಿಕೊಳ್ಳಿ. ನಿಮ್ಮ ಹಿಂದೆ ಬರುವವರಿಗೂ ಆ ಜಿಡ್ಡು ಬಂಡೆ ಮೇಲೆ ಸಿಗುತ್ತದೆ.

ಬೆಟ್ಟದ ದಾರಿ:
ಯಾರೂ ಕೇಳದ್ದು, ಆದರೆ ಹೆಂಗಸರಿಗೆಲ್ಲ ಬೇಕಾದ್ದು. ಹಾರ್ನೆಸ್ ಹಾಕಿಕೊಂಡ ಮೇಲೆ ಮೂತ್ರಕ್ಕೆ ಹೇಗೆ? ಬಹಳ ಹಾರ್ನೆಸ್‌ಗಳಲ್ಲಿ ಕಾಲಿನ ಪಟ್ಟಿಯನ್ನು ಹಿಂದೆ ಸೊಂಟಕ್ಕೆ ಜೋಡಿಸುವ ಎಲಾಸ್ಟಿಕ್ ಇರುತ್ತದೆ. ಅದನ್ನು ಬಿಚ್ಚಿದರೆ ಸೊಂಟದ ಬಕಲ್ ಬಿಚ್ಚದೆ ಪ್ಯಾಂಟ್ ಇಳಿಸಬಹುದು. ನೆಲದಲ್ಲಿ ಒಂದು ಸಲ ಮಾಡಿ ನೋಡಿಕೊಳ್ಳಿ. ಮುಜುಗರಕ್ಕೆ ನೀರು ಕುಡಿಯದೆ ಇರುವವರನ್ನು ಬಹಳ ನೋಡಿದ್ದೇನೆ. ಮಧ್ಯಾಹ್ನಕ್ಕೆ ತಲೆನೋವು, ಸುಸ್ತು. ಮುಟ್ಟಿನ ದಿನ ಬಂದರೂ ರದ್ದು ಮಾಡಬೇಕಿಲ್ಲ. ಬೇಕಾದ್ದು ಒಂದು ಜಿಪ್ ಚೀಲದಲ್ಲಿ ಇರಲಿ, ಬಳಸಿದ್ದನ್ನು ವಾಪಸ್ ತರಲು ಇನ್ನೊಂದು ಚೀಲ.

ಮೊದಲ ಹೆಜ್ಜೆ:
ಬೆಟ್ಟದ ದಾರಿ ಅವರೇ, ಇದನ್ನು ಕೇಳಲು ನಾನು ನಾಲ್ಕು ದಿನದಿಂದ ಒದ್ದಾಡುತ್ತಿದ್ದೆ. ತುಂಬ ಧನ್ಯವಾದ.

ಎಲ್ಲರ ಉತ್ತರ ಓದಿ ಇನ್ನೊಂದು ವಿಷಯ ಹೇಳಬೇಕು ಅನ್ನಿಸಿತು. ಬುಕಿಂಗ್ ಫಾರಂನಲ್ಲಿ "ಹಳೆಯ ಗಾಯ, ಕಾಯಿಲೆ" ಅಂತ ಒಂದು ಜಾಗ ಇತ್ತು. ನಾನು "ಇಲ್ಲ" ಅಂತ ಬರೆದೆ. ನಿಜ ಏನೆಂದರೆ ಒಂಬತ್ತು ವರ್ಷದ ಹಿಂದೆ ನನ್ನ ಎಡ ಭುಜ ಎರಡು ಸಲ ಜಾರಿತ್ತು. ಆಮೇಲೆ ಏನೂ ಆಗಿಲ್ಲ. ಬರೆದರೆ ಬರಬೇಡಿ ಅಂದುಬಿಡುತ್ತಾರೇನೋ ಅನ್ನುವ ಭಯ. ತಮ್ಮನಿಗೂ ಬೇಜಾರಾಗುತ್ತದೆ. ಸುಮ್ನೆ ಇದ್ದರೆ ಪರವಾಗಿಲ್ವಾ?

ಎಂಟರ ಗಂಟು:
ಇಲ್ಲ, ಸುಮ್ನೆ ಇರಬೇಡಿ! ಇವತ್ತೇ ಹೇಳಿ.

ಗುಡ್ಡದ ಗಾಳಿ:
ಒಂಬತ್ತು ವರ್ಷ ಆಗಿದೆಯಲ್ಲ, ಅಷ್ಟು ಹೆದರಿಸುವುದು ಯಾಕೆ? ನನ್ನ ಮೊಣಕಾಲು ಸರಿ ಇಲ್ಲ, ನಾನು ಯಾರಿಗೂ ಹೇಳುವುದಿಲ್ಲ. ನನ್ನ ಮೈ ನನಗೆ ಗೊತ್ತು.

ಫಿಸಿಯೋ ಕೆಲಸ:
ಮೊಣಕಾಲು ನೋವು ಬೇರೆ, ಜಾರಿದ ಭುಜ ಬೇರೆ. ಒಮ್ಮೆ ಜಾರಿದ ಭುಜ ಮತ್ತೆ ಜಾರುವುದು ಸಾಮಾನ್ಯವಾಗಿ ಒಂದೇ ಭಂಗಿಯಲ್ಲಿ: ತೋಳು ಮೇಲೆ, ಹೊರಗೆ ಚಾಚಿ, ಹಿಂದಕ್ಕೆ ತಿರುಗಿದಾಗ. ಬಂಡೆಯಲ್ಲಿ ದೂರದ ಹೋಲ್ಡ್‌ಗೆ ಕೈ ಚಾಚಿದಾಗ ಆಗುವುದು ಅದೇ. ಅಲ್ಲಿ ಕಾಲು ಜಾರಿತು ಅಂದುಕೊಳ್ಳಿ. ಹೋಗುವ ಮೊದಲು ಒಬ್ಬ ಡಾಕ್ಟರಿಗೋ ಫಿಸಿಯೋಗೋ ತೋರಿಸಿ. ಭುಜದ ಸುತ್ತಿನ ಸಣ್ಣ ಸ್ನಾಯುಗಳಿಗೆ ರಬ್ಬರ್ ಬ್ಯಾಂಡ್ ವ್ಯಾಯಾಮ ಕೊಡುತ್ತಾರೆ, ಅದಕ್ಕೆ ಆರು ವಾರ ಒಳ್ಳೆಯ ಸಮಯ.

ಗೈಡ್ ಕೆಲಸದವ:
ಅಕ್ಕ, ನೀವು ಹೇಳಿದರೆ ಬರಬೇಡಿ ಅನ್ನುತ್ತಾರೆ ಅಂತ ಹೆದರಿದ್ದೀರಿ. ನನ್ನ ಕಡೆಯಿಂದ ನೋಡಿ. ಭುಜ ಅಂತ ಗೊತ್ತಾದರೆ ನಾನು ಮಾಡುವುದು ಇಷ್ಟೇ. ಓವರ್‌ಹ್ಯಾಂಗ್ (ಹೊರಕ್ಕೆ ಚಾಚಿದ ಬಂಡೆ) ಬಿಟ್ಟು ಇಳಿಜಾರಿನ ಸ್ಲ್ಯಾಬ್ ಆರಿಸುತ್ತೇನೆ, ಅಲ್ಲಿ ಎಲ್ಲ ಕಾಲಿನ ಕೆಲಸ. ಎಡಗೈ ದೂರ ಚಾಚುವ ಜಾಗ ಇರುವ ಮಾರ್ಗ ಬಿಡುತ್ತೇನೆ. ಟಾಪ್ ರೋಪ್ (ಮೇಲಿನಿಂದ ಬರುವ ಹಗ್ಗ) ಸ್ವಲ್ಪ ಬಿಗಿಯಾಗಿ ಇಡುತ್ತೇನೆ. ಅಡ್ಡಡ್ಡ ಹೋಗುವ ಜಾಗ ಬಿಡುತ್ತೇನೆ, ಅಲ್ಲಿ ಜಾರಿದರೆ ಜೋಕಾಲಿಯ ಹಾಗೆ ತೂಗಿ ಹೋಗುತ್ತೀರಿ. ದಿನ ಕೆಡುವುದಿಲ್ಲ, ಮಾರ್ಗ ಬದಲಾಗುತ್ತದೆ. ಗೊತ್ತಿಲ್ಲದಿದ್ದರೆ ಇದ್ಯಾವುದನ್ನೂ ಮಾಡಲು ಆಗುವುದಿಲ್ಲ. ಆಮೇಲೆ ನಲವತ್ತು ಮೀಟರ್ ಮೇಲೆ ಭುಜ ಜಾರಿದರೆ ನಿಮ್ಮನ್ನು ಇಳಿಸುವುದು ನನ್ನೊಬ್ಬನ ಕೆಲಸ ಅಲ್ಲ, ಕೆಳಗಿರುವ ನಿಮ್ಮ ತಮ್ಮನದೂ.

ಆಸ್ತಮಾ, ಸಕ್ಕರೆ ಕಾಯಿಲೆ, ಮೂರ್ಛೆ, ಅಲರ್ಜಿ, ಗರ್ಭಿಣಿ ಆಗಿರುವುದು, ಎತ್ತರದ ಭಯ, ಎಲ್ಲ ಹೇಳಿ. ಮಾತ್ರೆ, ಇನ್‌ಹೇಲರ್ ಯಾವ ಚೀಲದಲ್ಲಿದೆ ಅಂತಲೂ ಹೇಳಿ. ಕೆಳಗೆ ಚೀಲದಲ್ಲಿಟ್ಟ ಇನ್‌ಹೇಲರ್ ಮೂರನೇ ಪಿಚ್‌ನಲ್ಲಿ, ಅಂದರೆ ಮೂರನೇ ಹಗ್ಗದಷ್ಟು ಎತ್ತರದಲ್ಲಿ, ಕೆಲಸಕ್ಕೆ ಬರುವುದಿಲ್ಲ.

ಮೊದಲ ಹೆಜ್ಜೆ:
ಈಗಷ್ಟೇ ಗೈಡ್‌ಗೆ ಮೆಸೇಜ್ ಕಳಿಸಿದೆ. ಕೈ ನಡುಗುತ್ತಿತ್ತು.

ಸಣ್ಣ ಕಲ್ಲು:
ಒಳ್ಳೆಯ ಕೆಲಸ ಮಾಡಿದಿರಿ.

ಓಟದ ಹುಡುಗ:
ಗೈಡ್ ಸರಿಯಾದವರಾ ಅಂತ ತಿಳಿಯುವುದು ಹೇಗೆ? ಅದನ್ನು ಯಾರೂ ಹೇಳಲಿಲ್ಲ.

ಹಗ್ಗದ ತುದಿ:
ಕೇಳಿ. ಯಾವ ಅರ್ಹತೆ, ಯಾವುದಕ್ಕೆ? ವಿಮೆ ಇದೆಯಾ? ಒಬ್ಬ ಗೈಡ್‌ಗೆ ಎಷ್ಟು ಜನ? ಮಳೆ ಬಂದರೆ ಏನು? ಪರ್ವತ ಗೈಡ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಫ್‌ಎಂಜಿಎ 1965ರಿಂದ ಇದೆ. ಅದರ ಬ್ಯಾಡ್ಜ್ ಇದ್ದವರು ಬಂಡೆ, ಆಲ್ಪೈನ್ (ಹಿಮ ಪರ್ವತ), ಸ್ಕೀ ಮೂರರಲ್ಲೂ ತರಬೇತಿ, ಪರೀಕ್ಷೆ ದಾಟಿದವರು. ಬರೀ ಬಂಡೆಗೆ ಬೇರೆ ಅರ್ಹತೆಗಳೂ ಇವೆ, ಅವು ಕಡಿಮೆಯೇನಲ್ಲ. ಆದರೆ ಬಂಡೆಯ ಅರ್ಹತೆ ಇಟ್ಟುಕೊಂಡು ಐಸ್‌ಗೆ ಕರೆದುಕೊಂಡು ಹೋಗುತ್ತೇನೆ ಅಂದರೆ ಯೋಚಿಸಿ.

ಗೈಡ್ ಕೆಲಸದವ:
ಮಳೆಯ ಪ್ರಶ್ನೆ ಒಳ್ಳೆಯದು. ಮರಳುಗಲ್ಲಿನ ಬಂಡೆ ಒದ್ದೆಯಾದರೆ ಗಟ್ಟಿತನ ಕಳೆದುಕೊಳ್ಳುತ್ತದೆ, ಹೋಲ್ಡ್ ಮುರಿದು ಕೈಗೆ ಬರುತ್ತದೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಒದ್ದೆ. ಬಿಸಿಲು ಬಂದಿದೆಯಲ್ಲ, ಯಾಕೆ ಹತ್ತಿಸುತ್ತಿಲ್ಲ ಅಂತ ಜಗಳ ಮಾಡುವವರು ಇದನ್ನು ತಿಳಿದುಕೊಳ್ಳಬೇಕು. ಗೈಡ್ ಬೇಡ ಅಂದರೆ ಬೇಡ.

ತಣ್ಣನೆ ಬೆರಳು:
ಐಸ್ ಮಾತು ಬಂದಿದ್ದಕ್ಕೆ ನಾನೂ ಸೇರುತ್ತೇನೆ. ತಮ್ಮನಿಗೆ ಇದನ್ನು ಓದಿಸಿ.

ಬಂಡೆಯಲ್ಲಿ ಮರೆತದ್ದಕ್ಕೆ ಅಲ್ಲಿಯೇ ಏನಾದರೂ ದಾರಿ ಸಿಗುತ್ತದೆ. ಐಸ್‌ನಲ್ಲಿ ಸಿಗುವುದಿಲ್ಲ. ಕೈಗವಸು ಮೂರು ಜೊತೆ ಬೇಕು: ನಡೆದು ಹೋಗಲು ತೆಳುವಾದದ್ದು, ಹತ್ತಲು ಹಿಡಿತ ಸಿಗುವಂಥದ್ದು, ನಿಂತು ಬಿಲೇ ಮಾಡಲು ದಪ್ಪದ್ದು. ಒದ್ದೆಯಾದದ್ದನ್ನು ಜಾಕೆಟ್ ಒಳಗೆ ಎದೆಗೆ ಒತ್ತಿಟ್ಟುಕೊಳ್ಳಿ. ಹತ್ತಿ ಬಟ್ಟೆ ಒಂದು ಎಳೆಯೂ ಬೇಡ, ಒಳ ಉಡುಪು ಸೇರಿ. ಒದ್ದೆ ಹತ್ತಿ ಮೈ ಬಿಸಿ ಹೀರಿಬಿಡುತ್ತದೆ.

ಬೂಟು ಬಗ್ಗಬಾರದು. ಬಿ1, ಬಿ2, ಬಿ3 ಅಂತ ಬೂಟಿಗೆ, ಸಿ1, ಸಿ2, ಸಿ3 ಅಂತ ಕ್ರ್ಯಾಂಪನ್‌ಗೆ (ಬೂಟಿನ ಅಡಿಗೆ ಕಟ್ಟುವ ಲೋಹದ ಮುಳ್ಳಿನ ಚೌಕಟ್ಟು) ದರ್ಜೆ ಇದೆ. ಕಡಿದಾದ ಐಸ್‌ಗೆ ಬಿ3 ಬೂಟು, ಸಿ3 ಕ್ರ್ಯಾಂಪನ್. ಬೂಟು ಬಗ್ಗಿದರೆ ಕ್ರ್ಯಾಂಪನ್ ಕಳಚಿ ಬೀಳುತ್ತದೆ. ಬಾಡಿಗೆ ಬೂಟನ್ನು ಹಿಂದಿನ ದಿನವೇ ತಂದು ಮನೆಯಲ್ಲಿ ಒಂದು ಗಂಟೆ ಹಾಕಿಕೊಂಡು ಓಡಾಡಿ. ಬಿಗಿಯಾದ ಬೂಟಿನಲ್ಲಿ ಎರಡೆರಡು ಕಾಲುಚೀಲ ತುರುಕಬೇಡಿ, ರಕ್ತ ಓಡದೆ ಇನ್ನೂ ತಣ್ಣಗಾಗುತ್ತದೆ.

ನೀಲಿ ಹೆಲ್ಮೆಟ್:
ಬಂಡೆಗೂ ಹತ್ತಿ ಬೇಡ ಅಲ್ವಾ?

ತಣ್ಣನೆ ಬೆರಳು:
ಬಿಸಿಲ ದಿನ, ಕೆಳಗಿನ ಬಂಡೆ, ಪರವಾಗಿಲ್ಲ. ಎತ್ತರಕ್ಕೆ ಹೋಗುವುದಾದರೆ ಬೇಡ. ಪ್ರತಿ 1000 ಮೀಟರ್‌ಗೆ ಸರಾಸರಿ 6.5 ಡಿಗ್ರಿ ತಣ್ಣಗಾಗುತ್ತದೆ, ಮೇಲೆ ಗಾಳಿ ಬೇರೆ.

ಬೆಟ್ಟದ ದಾರಿ:
ಐಸ್ ಹತ್ತುವಾಗ ಬರುವ ಬೆರಳಿನ ನೋವಿನ ಬಗ್ಗೆಯೂ ಹೇಳಿ. ನನಗೆ ಯಾರೂ ಹೇಳಿರಲಿಲ್ಲ. ಬೆರಳೇ ಹೋಯಿತು ಅಂದುಕೊಂಡು ಅತ್ತಿದ್ದೆ.

ತಣ್ಣನೆ ಬೆರಳು:
ಹೌದು, ಅದು ಬಹಳ ಜನರಿಗೆ ಆಗುತ್ತದೆ. ಕೈ ತಲೆಗಿಂತ ಮೇಲೆ, ಟೂಲ್ (ಐಸ್‌ಗೆ ಹೊಡೆದು ಹಿಡಿಯುವ ಸಣ್ಣ ಕೊಡಲಿ) ಬಿಗಿ ಹಿಡಿತ, ಮೇಲೆ ಚಳಿ. ಬೆರಳಿಗೆ ರಕ್ತ ಹೋಗದೆ ಮರಗಟ್ಟುತ್ತದೆ. ಕೈ ಇಳಿಸಿದ ಮೇಲೆ ರಕ್ತ ನುಗ್ಗುತ್ತದೆ ನೋಡಿ, ಆಗ ಕಣ್ಣೀರು ಬರುವ ನೋವು, ಕೆಲವರಿಗೆ ವಾಕರಿಕೆ. ಕೆಲವು ನಿಮಿಷದಲ್ಲಿ ಹೋಗುತ್ತದೆ. ನೋವು ಬರುತ್ತಿದೆ ಅಂದರೆ ರಕ್ತ ಬರುತ್ತಿದೆ. ಬೆರಳು ಬೆಳ್ಳಗೆ ಮೇಣದ ಹಾಗಿದ್ದು ಏನೂ ಗೊತ್ತಾಗದಿದ್ದರೆ ತಕ್ಷಣ ಗೈಡ್‌ಗೆ ಹೇಳಿ.

ಇನ್ನೊಂದು. ಐಸ್‌ನಲ್ಲಿ ಹತ್ತುವವರ ನೇರ ಕೆಳಗೆ ನಿಲ್ಲಬೇಡಿ. ಎಷ್ಟೇ ಚೆನ್ನಾಗಿ ಹತ್ತಿದರೂ ತಟ್ಟೆಯಷ್ಟು ದೊಡ್ಡ ತುಂಡು ಬೀಳುತ್ತದೆ. ಚಳಿ ಅತಿಯಾದರೆ ಐಸ್ ಗಾಜಿನ ಹಾಗೆ ಒಡೆಯುತ್ತದೆ. ಕಣ್ಣಿಗೆ ಪಾರದರ್ಶಕ ಕನ್ನಡಕ ಇರಲಿ.

ಓಟದ ಹುಡುಗ:
ಓದಿದೆ. ನಿಜ ಹೇಳುತ್ತೇನೆ, ಆ ತಮ್ಮ ನಾನೇ. ಅಕ್ಕ ಭುಜದ ವಿಷಯ ನನಗೂ ಹೇಳಿರಲಿಲ್ಲ. ಇವತ್ತು ಸಂಜೆ ಇಬ್ಬರೂ ಕೂತು ಗಂಟು ಹಾಕಿದೆವು. ಗೈಡ್ ನೋಡಿಕೊಳ್ಳುತ್ತಾರೆ ಅನ್ನುವ ಮಾತು ವಾಪಸ್ ತಗೊಂಡಿದ್ದೇನೆ.

ಮೂಲೆಮನೆ:
ಹೋಗಿ ಬಂದು ಬರೆಯಿರಿ, ಕಾಯುತ್ತಿರುತ್ತೇವೆ.

ಮೊದಲ ಹೆಜ್ಜೆ (ಆರು ವಾರದ ಮೇಲೆ):
ಹೋಗಿ ಬಂದೆವು! ನಾಲ್ಕು ಮಾರ್ಗ ಹತ್ತಿದೆ, ತಮ್ಮ ಆರು. ಭುಜ ಚೆನ್ನಾಗಿದೆ. ಗೈಡ್ ಬೆಳಗ್ಗೆ ಮೊದಲು ಮಾಡಿದ್ದೇ ನನ್ನ ತೋಳು ಎಲ್ಲಿಯವರೆಗೆ ಏಳುತ್ತದೆ ಅಂತ ನೋಡಿದ್ದು. ಮೂರನೇ ಮಾರ್ಗದಲ್ಲಿ ಎಡಗೈ ಚಾಚಲು ಹೋದಾಗ ಕೆಳಗಿಂದ "ಬೇಡ, ಬಲಗಾಲು ಎತ್ತಿಡಿ" ಅಂತ ಕೂಗಿದರು. ಕಾಲು ಎತ್ತಿಟ್ಟೆ, ಹೋಲ್ಡ್ ಎದೆ ಮಟ್ಟಕ್ಕೇ ಬಂತು. ಮೆಟ್ಟಿಲು ಹತ್ತಿದ್ದಕ್ಕೂ ಸಾರ್ಥಕ ಆಯಿತು. ಅವರ ಗಂಟನ್ನು ನಾನು ನೋಡಿದೆ, ನನ್ನದನ್ನು ಅವರು ನೋಡಿದರು. ಅವರೇ ಬಂದು ತೋರಿಸಿದರು.

ಆದರೆ ನೀವ್ಯಾರೂ ಹೇಳದ್ದು ಒಂದಿತ್ತು. ಇಳಿಯುವುದು. ಹತ್ತುವಾಗ ಅಷ್ಟು ಹೆದರಲಿಲ್ಲ. ಮೊದಲ ಮಾರ್ಗದ ತುದಿಯಲ್ಲಿ ಗೈಡ್ "ಕೈ ಬಿಟ್ಟು ಹಿಂದಕ್ಕೆ ವಾಲಿ" ಅಂದರು. ಆಗ ಲಿನ್ ಹಿಲ್ ಕಥೆ ಪೂರ್ತಿ ಕಣ್ಣ ಮುಂದೆ ಬಂತು. ಗಂಟು ಸರಿ ಇದೆ ಅಂತ ನೋಡಿದ್ದೇನೆ, ಆದರೂ ಕೈ ಬಿಡಲು ಬರಲಿಲ್ಲ. ಐದು ನಿಮಿಷ ಹಾಗೇ ಅಂಟಿಕೊಂಡಿದ್ದೆ.

ಎಂಟರ ಗಂಟು:
ಅಯ್ಯೋ. ಇದು ನನ್ನ ತಪ್ಪು ಅಕ್ಕ, ಕ್ಷಮಿಸಿ. ಆ ಕಥೆ ಹೇಳಿದವನು ಅದನ್ನೂ ಹೇಳಬೇಕಿತ್ತು: ವಾಲುವ ಮೊದಲು ಹಗ್ಗ ಬಿಗಿ ಮಾಡಿಸಿಕೊಂಡು, ಕೈ ಹೋಲ್ಡ್ ಮೇಲೆ ಇರುವಾಗಲೇ ಹಾರ್ನೆಸ್ ಮೇಲೆ ಕೂತು ನೋಡಬೇಕು. ಹಗ್ಗ ಎಳೆಯುವುದು ಸೊಂಟಕ್ಕೆ ಗೊತ್ತಾಗುತ್ತದೆ. ಆಮೇಲೆ ಕೈ ಬಿಡುವುದು.

ಗೈಡ್ ಕೆಲಸದವ:
ನಾನು ಇದನ್ನು ಎರಡು ಮೀಟರ್ ಎತ್ತರದಲ್ಲೇ ಮಾಡಿಸುತ್ತೇನೆ. ಸ್ವಲ್ಪ ಹತ್ತಿ, ನಿಲ್ಲಿ, ಕೂರಿ, ಕಾಲು ಅಗಲಿಸಿ ಬಂಡೆಗೆ ಪಾದ ಒತ್ತಿ, ನಡೆದು ಇಳಿಯಿರಿ. ಮೂರು ಸಲ. ಆಮೇಲೆ ಮಾತ್ರ ಮೇಲೆ. ಆದರೆ ಇಲ್ಲಿ ಬರೆಯುವುದು ನನಗೂ ಹೊಳೆಯಲಿಲ್ಲ. ದಿನಾ ಮಾಡುವವರಿಗೆ ಅದು ಹೆದರಿಕೆಯ ಜಾಗ ಅನ್ನುವುದೇ ಮರೆತುಹೋಗುತ್ತದೆ.

ಬೆಟ್ಟದ ದಾರಿ:
ಕೊನೆಗೆ ಹೇಗೆ ಕೈ ಬಿಟ್ಟಿರಿ?

ಮೊದಲ ಹೆಜ್ಜೆ:
ತಮ್ಮ ಕೆಳಗಿಂದ ಕೂಗಿದ, "ಅಕ್ಕ, ಗಂಟು ನಾನೂ ನೋಡಿದೀನಿ, ಜೋಡಿ ಜೋಡಿ ಇತ್ತು" ಅಂತ. ಒಂದು ಕೈ ಬಿಟ್ಟೆ. ಆಮೇಲೆ ಇನ್ನೊಂದು.

ಓಟದ ಹುಡುಗ:
ಚಳಿಗಾಲಕ್ಕೆ ಐಸ್ ದಿನ ಬುಕ್ ಮಾಡಿದ್ದೇವೆ, ಫಾರಂನಲ್ಲಿ ಈ ಸಲ ಭುಜ ಮೊದಲ ಸಾಲಿನಲ್ಲೇ ಇದೆ. ತಣ್ಣನೆ ಬೆರಳು ಅವರೇ, ಆ ಮೂರನೇ ಜೊತೆ ಕೈಗವಸು, ಬಿಲೇಗೆ ಅಂದಿರಲ್ಲ. ಬೆರಳು ಬೇರೆ ಬೇರೆ ಇರುವುದಾ, ಎಲ್ಲ ಒಟ್ಟಿಗೆ ಇರುವುದಾ? ಅದರಲ್ಲಿ ಹಗ್ಗ ಸರಿಯಾಗಿ ಹಿಡಿಯಲು ಬರುತ್ತದಾ?

ತಣ್ಣನೆ ಬೆರಳು:
ಬೆರಳು ಬೇರೆ ಇರುವುದೇ ತಗೊಳ್ಳಿ, ಅಂಗೈಗೆ ಚರ್ಮ ಇರಲಿ. ಒಟ್ಟಿಗಿರುವುದು ಜಾಸ್ತಿ ಬೆಚ್ಚಗೆ, ಆದರೆ ಹೊಸಬರಿಗೆ ಬ್ರೇಕ್ ಹಗ್ಗದ ಹಿಡಿತ ಗೊತ್ತಾಗುವುದಿಲ್ಲ. ಈಗಲೇ ಮನೆಯಲ್ಲಿ ಅದನ್ನು ಹಾಕಿಕೊಂಡೇ ಕ್ಯಾರಬೀನರ್ ಲಾಕ್ ತಿರುಗಿಸಿ, ಗಂಟು ಹಾಕಿ ನೋಡಿ. ಆಗದಿದ್ದರೆ ಒಂದು ಸೈಜು ಚಿಕ್ಕದು ಹುಡುಕಿ, ಆದರೆ ಬೆರಳ ತುದಿ ಒತ್ತಬಾರದು.